ಒಂದು ಜೋಡಿ ವಾಲ್ವ್‌ಗೆ ಇಷ್ಟೊಂದು ಅಲೆದಾಟ

ಅಜ್ಜನ ವಾಲ್ವ್ ಆಂಪ್ಲಿಫೈಯರ್ ಗೊರಗೊರ ಅನ್ನತೊಡಗಿದೆ. ಅದರೊಳಗೆ ಸದ್ದು ಹೆಚ್ಚಿಸುವ ಗಾಜಿನ ಕೊಳವೆಗಳೇ ವಾಲ್ವ್‌ಗಳು; ಇಎಲ್84 ಅನ್ನೋ ಬಗೆಯ ಎರಡರಲ್ಲಿ ಒಂದು ಕೆಟ್ಟಿದೆ. ಒಂದನ್ನೇ ಬದಲಾಯಿಸಿದರೆ ಸಾಲದು, ಎರಡೂ ಹೆಚ್ಚುಕಡಿಮೆ ಒಂದೇ ಸಮ ಕರೆಂಟ್ ಎಳೆಯಬೇಕು. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಾಲ್ವ್ ಕೇಳಿದರೆ ಅಂಗಡಿ ಹುಡುಗರು ನಲ್ಲಿ ಅಂಗಡಿಗೆ ದಾರಿ ತೋರಿಸುತ್ತಾರೆ!

ಕೊನೆಗೆ ಒಬ್ಬರು ಧೂಳು ಹಿಡಿದ ಡಬ್ಬಿ ತೆಗೆದರು. ಬಿಇಎಲ್ ಮಾಲು, ನಮ್ಮ ಬೆಂಗಳೂರಲ್ಲೇ ತಯಾರಾಗುತ್ತಿದ್ದದ್ದು. ಹಿಂದೆ ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತಿದ್ದ ಸಾಮಾನು. ಈಗ ‘ವಿಂಟೇಜ್’ ಅಂತೆ, ಜೋಡಿಗೆ 4000 ರೂಪಾಯಿ! ಟೆಸ್ಟ್ ಮಾಡಿ ಕೊಡ್ತೀರಾ ಅಂದೆ.

“ಗಾಜು ಒಡೆದಿಲ್ವಲ್ಲ ಸಾರ್, ಚೆನ್ನಾಗೇ ಇರುತ್ತೆ.”

ಒಂದರ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಗೆಟರ್ ಅನ್ನೋ ಲೋಹದ ಲೇಪ ಹಾಲಿನಂತೆ ಬೆಳ್ಳಗಾಗಿತ್ತು. ಅಂದರೆ ಗಾಳಿಯೇ ಇರಬಾರದ ಕೊಳವೆಯೊಳಗೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ. ತೋರಿಸಿದೆ. “ಹಾಗಾದ್ರೆ 3500 ಕೊಡಿ” ಅಂದರು.