ಔಷಧಿಗೆ ಒಂದು ಪೇಪರ್, ಸೋಂಕಿಗೆ ಇನ್ನೊಂದು ಪೇಪರ್!

ಇವತ್ತು ನಮ್ಮ ಫಾರ್ಮಸಿ ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ.

ಒಬ್ಬ ವಿದ್ಯಾರ್ಥಿನಿ ಪೆನಿಸಿಲಿನ್ ಬಗ್ಗೆ ಅರಳು ಹುರಿದಂತೆ ಉತ್ತರ ಕೊಟ್ಟಳು. ಪೆನಿಸಿಲಿನ್ ಅಣುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಉಂಗುರ, ಬ್ಯಾಕ್ಟೀರಿಯಾ ತನ್ನ ಕೋಶಗೋಡೆ ಕಟ್ಟಿಕೊಳ್ಳದಂತೆ ಅದು ತಡೆಯುವ ರೀತಿ, ಆ ಉಂಗುರವನ್ನೇ ಒಡೆಯುವ ಕಿಣ್ವ, ಎಲ್ಲವೂ ಸರಿ. ಆಮೇಲೆ ಇಂಜೆಕ್ಷನ್ ವಯಲ್ (ಔಷಧಿಯ ಪುಟ್ಟ ಬಾಟಲಿ) ಕೈಗೆ ಕೊಟ್ಟು, "ಡೋಸ್ ತಯಾರು ಮಾಡಮ್ಮ" ಅಂದೆ. ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒಮ್ಮೆ ಸವರಿದಳು, ಹಸಿ ಇರುವಾಗಲೇ ಸೂಜಿ ಚುಚ್ಚಿದಳು. ಒಣಗಲು ಯಾಕೆ ಬಿಡಬೇಕು ಅಂತ ಕೇಳಿದರೆ, "ಅದು ನರ್ಸಿಂಗ್‌ನವರ ಪಾಠ ಅಲ್ವಾ ಮೇಡಂ?"

ಅವಳ ಮೇಲೆ ನನಗೆ ಚೂರೂ ಸಿಟ್ಟಿಲ್ಲ. ಅಪ್ಪಟ ಆಲ್ಕೋಹಾಲ್ ಬಿಟ್ಟು 70% ಯಾಕೆ ಅಂತ ಕೇಳಿದ್ದರೆ ಪಟ್ಟನೆ ಹೇಳುತ್ತಿದ್ದಳು: ಸೂಕ್ಷ್ಮಾಣುವಿನ ಪ್ರೋಟೀನ್ ಕೆಡಿಸಲು ಜೊತೆಗೆ ನೀರು ಬೇಕು. ಅದು ಎರಡು ಅಂಕದ ಪ್ರಶ್ನೆ. ಆದರೆ ಆ ಕೆಲಸಕ್ಕೆ ಒಂದಿಷ್ಟು ಸಮಯವೂ ಬೇಕು, ಅದು ತನ್ನ ಕೈಯಲ್ಲಿರುವ ಹತ್ತಿಗೇ ಸಂಬಂಧಪಟ್ಟದ್ದು ಅಂತ ಅವಳಿಗೆ ಯಾರೂ ತೋರಿಸಿಲ್ಲ. ಔಷಧಿ ಒಂದು ಪೇಪರ್, ಸೋಂಕು ತಡೆಯುವುದು ಇನ್ನೊಂದು ಪೇಪರ್. ಒಂದರ ಪರೀಕ್ಷೆ ಬರೆದು ಮರೆತ ಮೇಲೆ ಇನ್ನೊಂದು ಶುರು.

ರೋಗಿಯ ಮೈಯಲ್ಲಿ ಹಾಗೆ ಎರಡು ಪೇಪರ್ ಇರುತ್ತದೆಯೇ? ಕ್ಲಿಂಡಾಮೈಸಿನ್‌ನಂಥ ಆಂಟಿಬಯಾಟಿಕ್ ಕೊಟ್ಟಾಗ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಆ ಖಾಲಿ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ಭೇದಿ ಹಿಡಿಸಬಹುದು. ಅದರ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದ ಬೀಜದಂಥ ರೂಪಗಳು, ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಸೋಪು ಹಚ್ಚಿ, ನೀರಿನಲ್ಲಿ ಉಜ್ಜಿ ತೊಳೆದರೆ ಮಾತ್ರ ಕೈಬಿಟ್ಟು ಹೋಗುತ್ತವೆ. ಇಲ್ಲದಿದ್ದರೆ ಅದೇ ಕೈಯಿಂದ ಪಕ್ಕದ ಹಾಸಿಗೆಯವರಿಗೆ ದಾಟುತ್ತವೆ. ಆಗ ಅವರಿಗೂ ಮತ್ತೊಂದು ಆಂಟಿಬಯಾಟಿಕ್! ಔಷಧಿ ಎಲ್ಲಿ ಮುಗಿಯಿತು, ಕೈ ತೊಳೆಯುವುದು ಎಲ್ಲಿ ಶುರುವಾಯಿತು, ಹೇಳಿ ನೋಡೋಣ. ಈ ಒಂದು ರೋಗವನ್ನು ಪೂರ್ತಿ ಒಂದು ತರಗತಿಯಲ್ಲಿ ಬಿಡಿಸಿಟ್ಟರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

"ಸಿಲಬಸ್ ಈಗಲೇ ಜಾಸ್ತಿ, ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅನ್ನುತ್ತಾರೆ. ಸೋಂಕುನಾಶಕದ ಶಕ್ತಿಯನ್ನು ಫೀನಾಲ್ ಅನ್ನುವ ಹಳೆಯ ಸೋಂಕುನಾಶಕಕ್ಕೆ ಹೋಲಿಸಿ ಅಳೆಯುವ ರಿಡಿಯಲ್-ವಾಕರ್ ಪರೀಕ್ಷೆ 1903ರದ್ದು. ಅದನ್ನು ಉರು ಹೊಡೆಸಲು ಟೈಮ್ ಇದೆ, ಅಲ್ವಾ? ಅದರಲ್ಲಿ ಅರ್ಧ ಗಂಟೆ ಕೊಡಿ, ಸಾಕು.

ಇನ್ನು ಕೆಲವರು, "ಔಷಧಿ ಬರೆಯುವವರು ಡಾಕ್ಟರ್, ನಮ್ಮದೇನಿದೆ?" ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಔಷಧಿ ರೋಗಿಯ ಕೈ ಸೇರುವ ಮುನ್ನ ಚೀಟಿಯನ್ನು ಕೊನೆಯದಾಗಿ ನೋಡುವವರು ನಾವು. ಅಲರ್ಜಿ ಇದೆಯಾ, ಎಷ್ಟು ದಿನಕ್ಕೆ ಬರೆದಿದ್ದಾರೆ, ಬರೀ ವೈರಸ್ ನೆಗಡಿಗೆ ಇದು ಯಾಕೆ, ಇಷ್ಟು ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಬೇಕು. ಕಡಿಮೆ ಡೋಸ್ ತಗೊಂಡರೆ ಸೂಕ್ಷ್ಮಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ ಅಂತ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಸಂಶೋಧಕರ ಅಂದಾಜು. ಇಷ್ಟಾದ ಮೇಲೂ ನಮ್ಮದೇನಿದೆ ಅನ್ನುತ್ತೀರಾ?

ತಗಲದ ಸೋಂಕಿಗೆ ಆಂಟಿಬಯಾಟಿಕ್ ಬೇಕಾಗುವುದೇ ಇಲ್ಲ. ಹಾಗಾಗಿ ಸೋಂಕು ತಡೆಯುವುದು ಔಷಧಿ ಪಾಠದ ಹೊರಗಿನ ವಿಷಯ ಆಗಲು ಸಾಧ್ಯವೇ ಇಲ್ಲ. ಪಾಠ ಮಾಡುವ ಗೆಳೆಯರೇ, ಮುಂದಿನ ಪ್ರಾಕ್ಟಿಕಲ್‌ನಲ್ಲಿ ಕೈ ತೊಳೆಯುವುದಕ್ಕೆ, ವಯಲ್ ಒರೆಸಿ ಒಣಗಲು ಬಿಡುವುದಕ್ಕೆ ಅಂಕ ಇಡೋಣ. ಅಂಕ ಇಟ್ಟರೆ ಮಕ್ಕಳು ಖಂಡಿತ ಕಲಿಯುತ್ತಾರೆ. ಯಾರಾದರೂ ಈಗಾಗಲೇ ಹೀಗೆ ಮಾಡುತ್ತಿದ್ದರೆ ಹೇಗೆ ಅಂತ ಕೆಳಗೆ ಬರೆಯಿರಿ, ನಾಳೆಯೇ ನಮ್ಮ ವಿಭಾಗದಲ್ಲಿ ಮಾತಾಡುತ್ತೇನೆ.