ರಸ್ತೆಯ ಆ ಬದಿ ಸಿಟಿ, ಈ ಬದಿ ಹಳ್ಳಿ

ಶಿವಮೊಗ್ಗದ ಅಂಚಿನಲ್ಲಿ ನಮ್ಮ ಮನೆ. ಎದುರಿಗೆ ಮೂವತ್ತು ಅಡಿ ರಸ್ತೆ. ಆ ಬದಿ ಸಿಟಿ ಲಿಮಿಟ್ಟು, ಈ ಬದಿ ಗ್ರಾಮ ಪಂಚಾಯಿತಿ. ಆ ಬದಿಯವರ ನಲ್ಲಿಯಲ್ಲಿ ತುಂಗೆ ನೀರು ಬರುತ್ತದೆ, ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ. ನಮಗೆ ಬೋರ್ ನೀರು, ಅದೂ ಕರೆಂಟ್ ಇದ್ದರೆ. ಕಸ ಖಾಲಿ ಸೈಟಿಗೆ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ.

ಒಂದು ದಿನ ನನ್ನ ಹೆಂಡತಿ ಬಕೆಟ್ ಹಿಡಿದು ರಸ್ತೆ ದಾಟಿ ಗಾಡಿ ಹತ್ತಿರ ಹೋದಳು. ಗಾಡಿಯ ಹುಡುಗ ಮುಜುಗರದಿಂದ "ಅಕ್ಕಾ, ನಿಮ್ಮ ಬದಿ ನಮ್ಮ ಲಿಸ್ಟಲ್ಲಿಲ್ಲ" ಅಂದ. ಅವನದ್ದೇನು ತಪ್ಪು ಹೇಳಿ? ಎದುರು ಮನೆ ಅಜ್ಜಿ ಕೇಳಿಸಿಕೊಂಡು "ನನ್ನ ಬಕೆಟಿಗೇ ಸುರಿ ಮಾರಾಯ್ತಿ" ಅಂದರು. ಅವತ್ತಿನಿಂದ ನಮ್ಮ ಮನೆ ಕಸ ಅಜ್ಜಿ ಹೆಸರಲ್ಲಿ ಸಿಟಿಗೆ ಸೇರಿದೆ. ನಾವಿನ್ನೂ ಸೇರಿಲ್ಲ. ಊರಿನ ಕಸವೆಲ್ಲ ಕೊನೆಗೆ ಹೋಗುವುದು ಅನುಪಿನಕಟ್ಟೆ ಕಡೆಗೆ, ಅಂದರೆ ಮತ್ತೆ ಹಳ್ಳಿ ಕಡೆಗೇ. ಗಡಿ ದಾಟಲು ಕಸಕ್ಕೆ ಯಾರ ಪರ್ಮಿಷನ್ನೂ ಬೇಡ ನೋಡಿ.

ಸೈಟು ತಗೊಳ್ಳುವಾಗ ಬ್ರೋಕರ್ ಹೇಳಿದ್ದು ಒಂದೇ ಮಾತು, "ಇನ್ನೆರಡು ವರ್ಷಕ್ಕೆ ಇದೂ ಸಿಟಿಗೆ ಸೇರುತ್ತೆ ಸಾರ್." ನಾನೂ ತಲೆಯಾಡಿಸಿದೆ. ಊರೊಳಗಿನ ರೇಟು ನಮ್ಮಂಥವರ ಕೈಗೆಟುಕುತ್ತಿರಲಿಲ್ಲ. ಹಾಗಾಗಿ ಪೂರ್ತಿ ಅವನ ಮೇಲೆ ಹಾಕುವುದೂ ಸರಿಯಲ್ಲ. ನೀರೆಲ್ಲಿಂದ ಬರುತ್ತದೆ, ಚರಂಡಿ ಎಲ್ಲಿಗೆ ಹೋಗುತ್ತದೆ ಅಂತ ನಾನೂ ಕೇಳಲಿಲ್ಲ. ಬಡಾವಣೆಯ ಬಾಗಿಲಿನ ಕಮಾನು ಚೆನ್ನಾಗಿತ್ತು.

2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಮೇಲಂತೂ ಆ ಕಡೆ ಹೋದರೆ ಗದ್ದೆಗಿಂತ ಸೈಟಿನ ಬೋರ್ಡೇ ಜಾಸ್ತಿ ಕಾಣುತ್ತದೆ. ಸಾಗರ ರಸ್ತೆ, ಸವಳಂಗ ರಸ್ತೆಯಲ್ಲೂ ಅದೇ ಕಥೆ. ಗದ್ದೆಗೆ ಕೆಂಪು ಮಣ್ಣು ಹೊಡೆಸು, ಕನ್ವರ್ಷನ್ ಮಾಡಿಸು, ಕಲ್ಲು ನೆಡು, ಮಾರು. ನನಗೆ ಮನೆ ಕಟ್ಟುವವರ ಮೇಲೆ ಸಿಟ್ಟಿಲ್ಲ, ನಾನೇ ಕಟ್ಟಿದ್ದೇನಲ್ಲ. ಜನ ಜಾಸ್ತಿಯಾದರೆ ಮನೆ ಬೇಕು. ಆದರೆ ಮನೆ ಒಬ್ಬರ ಅನುಮತಿಯಲ್ಲಿ, ನೀರು ಇನ್ನೊಬ್ಬರ ಲೆಕ್ಕದಲ್ಲಿ, ರಸ್ತೆ ಮತ್ತೊಬ್ಬರ ಕೈಯಲ್ಲಿ ಇದ್ದರೆ ಅದು ಊರಾಗುವುದು ಹೇಗೆ?

ನೀರನ್ನೇ ನೋಡಿ. ಸಿಟಿಯ ಯೋಜನೆ ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಹಳ್ಳಿಗೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆ, ಜಲ ಜೀವನ್ ಪೈಪು. ಎರಡರ ದುಡ್ಡು ಬೇರೆ, ಎಂಜಿನಿಯರ್ ಬೇರೆ, ನಕ್ಷೆ ಬೇರೆ. ಹಳ್ಳಿಯ ಯೋಜನೆ ಹಳ್ಳಿಯ ತಲೆ ಎಣಿಸಿ ಮಾಡಿದ್ದು. ಅದರ ಪಕ್ಕ ಇನ್ನೂರು ಸೈಟಿನ ಬಡಾವಣೆ ಬರುತ್ತದೆ ಅಂತ ಯಾರು ಲೆಕ್ಕ ಹಾಕಿದ್ದರು?

ಒಳಚರಂಡಿ ಇನ್ನೂ ಕಷ್ಟ. ನಮ್ಮ ಬದಿ ಎಲ್ಲರದ್ದೂ ಪಿಟ್ಟು, ಅಂದರೆ ಶೌಚದ ಗುಂಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮೂಲೆಗೆ ಬೋರು, ಇನ್ನೊಂದು ಮೂಲೆಗೆ ಪಿಟ್ಟು. ಪಕ್ಕದ ಮನೆಯ ಪಿಟ್ಟು ನಮ್ಮ ಬೋರಿಗೆ ನಮ್ಮದಕ್ಕಿಂತಲೂ ಹತ್ತಿರ. ಮಳೆಗಾಲದಲ್ಲಿ ಪಿಟ್ಟು ತುಂಬಿ ಬಂದರೆ ಟ್ಯಾಂಕರ್ ಕರೆಸಬೇಕು. ಅವನು ಅದನ್ನು ಎಲ್ಲಿ ಸುರಿಯುತ್ತಾನೋ ಕೇಳಬೇಡಿ. ಕೊನೆಗೆ ಎಲ್ಲವೂ ಇಳಿಜಾರು ಹಿಡಿದು ಹೊಳೆಗೇ. ಗಾಜನೂರಿನಿಂದ ಬರುವ ತುಂಗೆ ನಮ್ಮ ಊರು ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಶಿವಮೊಗ್ಗದ ಕೊಳೆ, ಭದ್ರಾವತಿಯ ಕೊಳೆ ಅಲ್ಲಿ ಒಂದಾಗುತ್ತವೆ. ನಮ್ಮ ಯೋಜನೆಗಳು ಇನ್ನೂ ಒಂದಾಗಿಲ್ಲ.

ಮಳೆನೀರಿನದ್ದು ಬೇರೆಯೇ ಲೆಕ್ಕ. ನಮ್ಮ ಸುತ್ತ ಕೆರೆ, ಕೆರೆ ಕೆಳಗೆ ಗದ್ದೆ, ಗದ್ದೆ ದಾಟಿ ಇನ್ನೊಂದು ಕೆರೆ. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುತ್ತದೆ. ಮೇಲಿನ ಪಂಚಾಯಿತಿಯಲ್ಲಿ ಯಾರೋ ಕಾಲುವೆಗೆ ಮಣ್ಣು ಹಾಕಿದರೆ ಕಾಗದದಲ್ಲಿ ಅದು ಅವರ ವಿಷಯ. ನೀರು ನುಗ್ಗುವುದು ಮಾತ್ರ ಕೆಳಗಿನ ವಾರ್ಡಿನ ಅಡುಗೆಮನೆಗೆ. 2019ರ ಆಗಸ್ಟ್ ನೆನಪಿದೆಯಲ್ಲ? ಅವತ್ತು ಹೊಳೆಯೇ ಉಕ್ಕಿತ್ತು, ಒಪ್ಪಿದೆ. ಈಗ ಒಂದು ಗಂಟೆ ಜೋರು ಮಳೆ ಬಂದರೂ ಸಾಕು, ನಮ್ಮ ಕೆಳಗಿನ ತಿರುವಿನಲ್ಲಿ ಬೈಕು ಹೋಗುವುದಿಲ್ಲ.

ಇದನ್ನೆಲ್ಲ ಒಟ್ಟಿಗೆ ನೋಡಲು ವ್ಯವಸ್ಥೆಯೇ ಇಲ್ಲವಾ ಅಂದರೆ, ಇದೆ. ಸೂಡಾ ಅಂದರೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಹೆಸರಲ್ಲೇ ಎರಡು ಊರಿದೆ. 2011ರ ಜನಗಣತಿಯಲ್ಲಿ ಶಿವಮೊಗ್ಗದವರು 3.22 ಲಕ್ಷ, ಭದ್ರಾವತಿಯವರು 1.51 ಲಕ್ಷ. ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ, ಮಧ್ಯದಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಒಂದೇ ಊರಿನ ಹಾಗೆ ಬೆಳೆಯುತ್ತಿದೆ. ಆದರೆ ನಕ್ಷೆ ಬರೆಯುವುದು, ಬಡಾವಣೆಗೆ ಒಪ್ಪಿಗೆ ಕೊಡುವುದು ಒಂದು ಕೆಲಸ. ಆಮೇಲೆ ಮೂವತ್ತು ವರ್ಷ ನೀರು ಬಿಡುವುದು, ದೀಪ ಹಾಕುವುದು ಇನ್ನೊಂದು ಕೆಲಸ, ಅದು ಪಂಚಾಯಿತಿಯ ತಲೆಗೆ. ಅಲ್ಲಿ ಒಬ್ಬರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಬೆರಳೆಣಿಕೆಯ ಸಿಬ್ಬಂದಿ.

ಸಂವಿಧಾನದಲ್ಲೂ ಇದೆ. 1992ರ 74ನೇ ತಿದ್ದುಪಡಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತ ಬಂತು. ಪಂಚಾಯಿತಿ ಮತ್ತು ನಗರಸಭೆಗಳ ಯೋಜನೆ ಒಟ್ಟು ಮಾಡಬೇಕು, ನೀರು ಹಂಚಿಕೊಳ್ಳುವುದು, ಜಾಗದ ಬಳಕೆ, ಮೂಲಸೌಕರ್ಯ ಎಲ್ಲ ಸೇರಿಸಿ ನೋಡಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಜನ ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳ ಚುನಾಯಿತ ಸದಸ್ಯರಿಂದಲೇ, ಅವರೊಳಗಿಂದಲೇ ಆರಿಸಿ ಬರಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮದುವೆಗೆ ಛತ್ರ ಬುಕ್ ಆಗಿದೆ, ಗಂಡು ಹೆಣ್ಣು ಇಬ್ಬರೂ ಇಲ್ಲ.

ಗೆಳೆಯನೊಬ್ಬ "ಸುಮ್ನೆ ಎಲ್ಲವನ್ನೂ ಸಿಟಿಗೆ ಸೇರಿಸಿಬಿಟ್ಟರೆ ಮುಗೀತು" ಅನ್ನುತ್ತಾನೆ. ನನಗೂ ಮೊದಲು ಹಾಗೇ ಅನಿಸಿತ್ತು. ನಮ್ಮ ಬಡಾವಣೆಯ ಹಿಂದೆಯೇ ಹಳೇ ಊರಿದೆ. ಅಲ್ಲಿಯವರನ್ನು ಕೇಳಿ. ಕಂದಾಯ ಏರುತ್ತದೆ, ಉದ್ಯೋಗ ಖಾತರಿ ಕೂಲಿ ಹೋಗುತ್ತದೆ, ಎದ್ದು ನಿಂತು ಕೇಳಲು ಗ್ರಾಮಸಭೆಯೂ ಇರುವುದಿಲ್ಲ. ನಮ್ಮ ನಲ್ಲಿಗೋಸ್ಕರ ಅವರು ಯಾಕೆ ಕೂಲಿ ಬಿಡಬೇಕು? ಗೆರೆ ಎಲ್ಲಿದೆಯೋ ಅಲ್ಲೇ ಇರಲಿ. ಪೈಪು ಗೆರೆ ದಾಟಲಿ, ಅದರ ಜೊತೆ ದುಡ್ಡೂ ದಾಟಲಿ. ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು ನೀರು ಎಲ್ಲಿಂದ, ಕೊಳೆ ಎಲ್ಲಿಗೆ ಅಂತ ಎರಡೂ ಕಡೆಯವರು ಬರೆದು ಸಹಿ ಹಾಕಲಿ. ಕೆರೆ, ಕಾಲುವೆಯ ಗೆರೆ ಮೊದಲು, ಸೈಟಿನ ಗೆರೆ ಆಮೇಲೆ.

ಆಗದ ಮಾತೇನಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಅದರ ಜೊತೆಗೆ ಬೆಳೆದ ಕ್ವಾರ್ಟರ್ಸ್ ಕಡೆ ಒಮ್ಮೆ ನಡೆದು ನೋಡಿ. ರಸ್ತೆ, ಮರ, ಶಾಲೆ, ಆಸ್ಪತ್ರೆ ಎಲ್ಲ ಮನೆಯ ಜೊತೆಗೇ ಬಂದವು. ಒಬ್ಬನೇ ಯಜಮಾನ ಇದ್ದ, ಹಾಗಾಗಿ ಸುಲಭ ಇತ್ತು ಅನ್ನಬಹುದು, ನಿಜ. ಆ ಯಜಮಾನಿಕೆಯನ್ನು ಈಗ ನಾಲ್ಕು ಕಚೇರಿಗಳು ಒಂದು ಮೇಜಿನ ಸುತ್ತ ಕೂತು ಮಾಡಬೇಕು, ಅಷ್ಟೇ.

ಈ ಶನಿವಾರ ಸಂಜೆ ನಮ್ಮ ಬಡಾವಣೆಯವರು ಗಣಪತಿ ಗುಡಿ ಹತ್ತಿರ ಸೇರುತ್ತಿದ್ದೇವೆ. ಮನವಿ ಒಂದೇ, ಅದರ ನಕಲು ಸಿಟಿ, ಪಂಚಾಯಿತಿ ಎರಡೂ ಕಚೇರಿಗೆ. ರಸ್ತೆಯ ಆ ಬದಿಯವರೂ ಬನ್ನಿ, ಕೆಳಗಿನ ತಿರುವಿನ ನೀರು ನಿಮ್ಮದೂ ಹೌದು. ಅಜ್ಜಿ ಬರುತ್ತೇನೆ ಅಂದಿದ್ದಾರೆ.