ಪೈಪು ಒಡೆಯುವ ಮುಂಚೆ

"ಅಷ್ಟು ದೂರ ಹೋಗಿ ಕೊನೆಗೆ ಪ್ಲಂಬರ್ ಆದ್ಯಲ್ಲೋ ಮಾರಾಯಾ" ಅಂದರು ಭಾವ, ವಿಡಿಯೋ ಕಾಲ್‌ನಲ್ಲಿ. ಇಲ್ಲಿ ಶನಿವಾರ ಬೆಳಿಗ್ಗೆ, ಅಲ್ಲಿ ರಾತ್ರಿ ಊಟದ ಹೊತ್ತು. ನಾನು ಕ್ಯಾಂಪರ್ ಟ್ರೈಲರಿನ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ ಅನ್ನಿ) ಪಕ್ಕ ಮಂಡಿಯೂರಿ ಗೀಸರಿನ ತಳದ ಪ್ಲಗ್ ಬಿಚ್ಚುತ್ತಿದ್ದೆ. ಮಕ್ಕಳನ್ನು ತೋರಿಸಲು ಹೆಂಡತಿ ಹಿಡಿದಿದ್ದ ಫೋನು ನನ್ನ ಕಡೆ ತಿರುಗಿತ್ತು. ತಮಾಷೆಗೆ ಅಂದದ್ದು, ಬಿಡಿ. ಆದರೆ ಹಿಂದಿನಿಂದ ಅಕ್ಕ "ಏನು ಕೆಟ್ಟಿದೆಯೋ?" ಅಂತ ಕೇಳಿದಳು. ಏನೂ ಕೆಟ್ಟಿಲ್ಲ ಅಂದೆ. "ಕೆಟ್ಟಿಲ್ಲ ಅಂದ್ರೆ ಮತ್ಯಾಕೆ ಬಿಚ್ತಿದೀಯ?" ಈ ಮಾತು ಮಾತ್ರ ಚುಚ್ಚಿತು. ಚಳಿಗಾಲ ಬರುವ ಮುಂಚೆ, ಕೆಡದೆ ಇರುವಾಗಲೇ ಬಿಚ್ಚಿ ನೀರು ತೆಗೆಯಬೇಕು ಅಂತ ಫೋನಿನಲ್ಲಿ ಅರ್ಥ ಮಾಡಿಸಲು ಆಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. ಕಾರಿನ ನಂಬರ್ ಪ್ಲೇಟಿನ ಮೇಲೇ 10,000 ಕೆರೆಗಳ ನಾಡು ಅಂತ ಬರೆದುಕೊಂಡಿರುವ ರಾಜ್ಯ. ಬೇಸಿಗೆ ಬಂತೆಂದರೆ ಜನ ಟ್ರೈಲರ್ ಎಳೆದುಕೊಂಡು ಗೂಸ್‌ಬೆರಿ ಜಲಪಾತದ ಕಡೆಗೋ, ಮಿಸಿಸಿಪಿ ಹುಟ್ಟುವ ಇಟಾಸ್ಕಾ ಕಡೆಗೋ ಹೊರಟುಬಿಡುತ್ತಾರೆ. ಅಕ್ಟೋಬರ್ ಮೂರನೇ ವಾರ ಮೇಷ್ಟ್ರುಗಳ ಸಮ್ಮೇಳನ ಅಂತ ಶಾಲೆಗೆ ಎರಡು ದಿನ ರಜೆ, ಮೇಷ್ಟ್ರುಗಳ ಹಳೇ ಸಂಘದ ಹೆಸರಲ್ಲಿ ಎಲ್ಲರೂ ಎಂಇಎ ವೀಕೆಂಡ್ ಅನ್ನುತ್ತಾರೆ. ಬಹಳ ಮಂದಿಗೆ ಅದೇ ವರ್ಷದ ಕೊನೆಯ ಕ್ಯಾಂಪಿಂಗ್. ಅಷ್ಟೊತ್ತಿಗೆ ಎಷ್ಟೋ ಕ್ಯಾಂಪ್‌ಗ್ರೌಂಡುಗಳಲ್ಲಿ ನೀರು ಬಂದ್ ಆಗಿರುತ್ತದೆ. ಆಮೇಲೆ ಬರುವುದು ಚಳಿಗಾಲ. 2019ರ ಜನವರಿ ಕೊನೆಗೆ ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿಗೆ ಇಳಿದಿತ್ತು. ಫ್ಯಾರನ್‌ಹೀಟ್ ಲೆಕ್ಕ ಅಲ್ಲ, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲೇ.

ಟ್ರೈಲರಿನೊಳಗೆ ಸಿಂಕು, ಷವರ್, ಟಾಯ್ಲೆಟ್, 6 ಗ್ಯಾಲನ್ ಹಿಡಿಸುವ ಗೀಸರ್, ನೀರಿನ ಟ್ಯಾಂಕು, 12 ವೋಲ್ಟಿನ ಪುಟ್ಟ ಪಂಪು ಎಲ್ಲಾ ಇರುತ್ತೆ. ನೀರು ಮಂಜುಗಡ್ಡೆ ಕಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪಿನ ಮಧ್ಯೆ ಎಲ್ಲೋ ಒಂದು ಕಡೆ ಗಡ್ಡೆ ಬೆಳೆಯುತ್ತಾ ಹೋದ ಹಾಗೆ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಹಾಕಿಕೊಂಡ ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರಿ, ಜಾಯಿಂಟೋ ವಾಲ್ವೋ ಪಂಪಿನ ಪ್ಲಾಸ್ಟಿಕ್ ತಲೆಯೋ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳಿಕೊಳ್ಳುತ್ತದೆ. ಸದ್ದೂ ಇಲ್ಲ, ಸೋರಿಕೆಯೂ ಇಲ್ಲ, ಯಾಕೆಂದರೆ ಎಲ್ಲಾ ಗಡ್ಡೆಯಾಗಿದೆಯಲ್ಲ. ಜನವರಿಯಲ್ಲಿ ಒಡೆದದ್ದು ಗೊತ್ತಾಗುವುದು ಮೇ ತಿಂಗಳಲ್ಲಿ ನೀರು ಬಿಟ್ಟಾಗ.

ನಮ್ಮ ದಾವಣಗೆರೆ ಕಡೆಯ ಗೆಳೆಯನಿಗೆ ಹೀಗೇ ಆಯಿತು. ದಸರಾ ಗೊಂಬೆ, ಕನ್ನಡ ಕೂಟದ ರಾಜ್ಯೋತ್ಸವದ ನಾಟಕದ ರಿಹರ್ಸಲ್, ದೀಪಾವಳಿ ಪಾಟ್‌ಲಕ್ಕು ಅಂತ ಟ್ರೈಲರಿನ ನೀರು ತೆಗೆಯುವುದನ್ನು ಮುಂದೆ ಹಾಕುತ್ತಾ ಬಂದ. ಮುಂದಿನ ವಾರ ನೋಡೋಣ ಬಿಡೋ ಅನ್ನುತ್ತಿದ್ದ. ಮುಂದಿನ ವಾರ ಬಂದದ್ದು ಮೈನಸ್ 12. ಬೇಸಿಗೆಯಲ್ಲಿ ಪಂಪ್ ಹಾಕಿದರೆ ಗೋಡೆಯ ಹಿಂದೆ ಎಲ್ಲೋ ಸೊಯ್ ಅಂತ ಸದ್ದು, ನೆಲದ ಹಲಗೆಯೆಲ್ಲಾ ನೆನೆದು ಉಬ್ಬಿತ್ತು. ರಿಪೇರಿಗೆ ಬಿಟ್ಟ ಟ್ರೈಲರ್ ವಾಪಸ್ ಬರುವಷ್ಟರಲ್ಲಿ ಅವನ ಬೇಸಿಗೆ ಮುಗಿದೇಹೋಗಿತ್ತು.

ಕೆಲಸ ದೊಡ್ಡದೇನಲ್ಲ, ಒಂದು ಬೆಳಗಿನದು. ನನಗೆ ಕಲಿಸಿದವರು ಪಕ್ಕದ ಮನೆಯ ರಿಟೈರ್ ಆದ ಅಜ್ಜ. ಮೊದಲು ಕೊಳಕು ನೀರಿನ ಟ್ಯಾಂಕುಗಳನ್ನು ಡಂಪ್ ಸ್ಟೇಷನ್ನಿನಲ್ಲಿ, ಅಂದರೆ ಅಂಥ ನೀರು ಸುರಿಯಲೆಂದೇ ಇರುವ ಜಾಗದಲ್ಲಿ, ಖಾಲಿ ಮಾಡಿ ಬರಬೇಕು. ಗೀಸರ್ ಆರಿಸಿ ಪೂರ್ತಿ ತಣ್ಣಗಾಗಲು ಬಿಡಬೇಕು, ನಲ್ಲಿ ತೆರೆದು ಒತ್ತಡ ಇಳಿಸಿ ಆಮೇಲಷ್ಟೇ ತಳದ ಪ್ಲಗ್ ಬಿಚ್ಚಬೇಕು. ಬಿಸಿ ಇರುವಾಗ ಬಿಚ್ಚಿದರೆ ಮುಖ ಸುಟ್ಟುಕೊಳ್ಳುವುದು ಗ್ಯಾರಂಟಿ. ಟ್ಯಾಂಕಿನ ನೀರು, ನೆಲದ ಮಟ್ಟದಲ್ಲಿರುವ ಕೆಂಪು ಮತ್ತು ನೀಲಿ ಪೈಪುಗಳ ನೀರು ಎಲ್ಲಾ ಹರಿದುಹೋಗಲಿ. ಗೀಸರಿನೊಳಗೆ ಏನೂ ಹೋಗದ ಹಾಗೆ ಬೈಪಾಸ್ ವಾಲ್ವ್ ತಿರುಗಿಸಬೇಕು, ಇಲ್ಲದಿದ್ದರೆ ಸುಮ್ನೆ 6 ಗ್ಯಾಲನ್ ಔಷಧಿ ದಂಡ. ಇಲ್ಲಿ ಔಷಧಿ ಅಂದದ್ದು ಆರ್‌ವಿ ಆಂಟಿಫ್ರೀಜ್‌ಗೆ, ಅಂದರೆ ಇಂಥ ಟ್ರೈಲರುಗಳ ಪೈಪು ಚಳಿಗೆ ಒಡೆಯದಂತೆ ತುಂಬಿಸುವ ದ್ರವಕ್ಕೆ, ಗುಲಾಬಿ ಬಣ್ಣದ್ದು, ಪ್ರೊಪಿಲೀನ್ ಗ್ಲೈಕಾಲ್ ಇರುವಂಥದ್ದು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಇಲ್ಲಿ ಹಾಕಲೇಬಾರದು, ಅದು ವಿಷ. ಡಬ್ಬಿಯ ಮೇಲೆ ಮೈನಸ್ 50 ಫ್ಯಾರನ್‌ಹೀಟ್ ಅಂತ ಬರೆದಿರುತ್ತದೆ. ಅಷ್ಟರವರೆಗೆ ಅದು ತೆಳ್ಳಗೇ ಇರುತ್ತದೆ ಅಂತ ಅಲ್ಲ, ಅದಕ್ಕೆ ಎಷ್ಟೋ ಮುಂಚೆಯೇ ಗಂಜಿಯ ಹಾಗೆ ಆಗುತ್ತದೆ, ಆದರೆ ಪೈಪು ಸೀಳುವುದಿಲ್ಲ. ಒಳಗೆ ಹಳೇ ನೀರು ಉಳಿದಿದ್ದರೆ ಮಾತ್ರ ಇದೂ ತೆಳುವಾಗಿ ಕೈ ಕೊಡುತ್ತದೆ, ಅದಕ್ಕೇ ಮೊದಲು ಖಾಲಿ ಮಾಡುವುದು.

ಆಮೇಲೆ ಪಂಪಿನ ಪೈಪನ್ನು ಆ ಡಬ್ಬಿಗೇ ಇಳಿಬಿಟ್ಟು, ಪಂಪ್ ಹಾಕಿ, ಒಂದೊಂದೇ ನಲ್ಲಿ ತೆರೆಯುತ್ತಾ ಹೋಗುವುದು. ಬಿಸಿ, ತಣ್ಣೀರು ಎರಡೂ. ಅಜ್ಜನ ಮೊಮ್ಮಗ ಒಳಗೆ ನಿಂತು "ಪಿಂಕ್!" ಅಂತ ಕೂಗುತ್ತಾನೆ, ಆಗ ಅಜ್ಜ ಮುಂದಿನ ನಲ್ಲಿಯ ಹೆಸರು ಹೇಳುತ್ತಾರೆ. ಈಗ ನನ್ನ ಮಗಳೂ ಅಷ್ಟೇ, "ಪಿಂಕ್ ಬಂತಪ್ಪಾ!" ಅಂತ ಕಿರುಚುತ್ತಾಳೆ. ಟಾಯ್ಲೆಟ್ಟನ್ನೂ ಒಮ್ಮೆ ಒತ್ತಿ ಬಣ್ಣ ಬರಿಸಬೇಕು. ಎಲ್ಲರೂ ಮರೆಯುವುದು ಹೊರಗಿನ ಷವರ್. ಕೊನೆಗೆ ಸಿಂಕಿನ ಕೆಳಗಿನ ಬಾಗಿದ ಪೈಪುಗಳಿಗೆ ಒಂದೊಂದು ಲೋಟ ಸುರಿದರೆ ಆಯಿತು. ಅಜ್ಜನ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಅದೇ ದಿನ ಗಾರ್ಡನ್ ಪೈಪು ಬಿಚ್ಚಿ ಒಣಗಿಸಿ, ಲಾನಿನ ಸ್ಪ್ರಿಂಕ್ಲರಿಗೆ ಕಂಪ್ರೆಸರ್ ಗಾಳಿ ಹೊಡೆದು, ಹಿಮ ಬೀಳಲು ಇನ್ನೂ ತಿಂಗಳಿರುವಾಗಲೇ ಸ್ನೋ ಬ್ಲೋಯರ್ ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತಾರೆ. ಯಾರಿಗೂ ಇದರಲ್ಲಿ ವಿಶೇಷ ಕಾಣುವುದಿಲ್ಲ. ನನಗೆ ಮಾತ್ರ ಇವತ್ತಿಗೂ ಕಾಣುತ್ತದೆ.

ಯಾಕೆಂದರೆ ನಾನು ಬೆಳೆದ ಮೇಲೆ ಬದುಕಿದ ಬೆಂಗಳೂರು ಹಾಗಿಲ್ಲ. ಅಕ್ಕನ ಮನೆಯ ಮಹಡಿ ಮೇಲಿನ ಟ್ಯಾಂಕು ಬೆಳಿಗ್ಗೆ ಬೆಳಿಗ್ಗೆ ಉಕ್ಕಿ ಹರಿಯುತ್ತದೆ. ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಹೋಗಿ ಯಾವ ಕಾಲವಾಯಿತೋ. ನೀರು ಗೋಡೆ ಮೇಲೆ ಇಳಿದು ಪಾಚಿ ಕಟ್ಟಿದೆ, ಅದರ ಪಕ್ಕದಲ್ಲೇ ಅಕ್ಕ ಹಪ್ಪಳ ಒಣಗಿಸುತ್ತಾಳೆ. ರಜೆಗೆ ಹೋದಾಗ ಏಣಿ ತರಿಸಿದೆ. "ನೀನ್ಯಾಕೋ ಹತ್ತುತೀಯ, ಬಂದಿರೋದೇ ನಾಲ್ಕು ದಿನ, ಮೂಲೆ ಅಂಗಡಿ ಹುಡುಗನಿಗೆ ಹೇಳಿದ್ರೆ ಬರ್ತಾನೆ" ಅಂದಳು. ಅವನು ಬರುತ್ತಾನೆ, ನಿಜ. ಆದರೆ ಅವನಿಗೆ ಹೇಳುವುದು ಯಾವಾಗ? ನಲ್ಲಿ ಪೂರ್ತಿ ಕಿತ್ತುಬಂದಾಗ, ಮೋಟರ್ ಸುಟ್ಟುಹೋದಾಗ, ನೆಂಟರು ಬಂದು ಬಚ್ಚಲಲ್ಲಿ ನೀರಿಲ್ಲದಾಗ. ತೊಟ್ಟಿಕ್ಕುವ ನಲ್ಲಿಗೆ ಕೆಳಗೊಂದು ಬಕೆಟ್ ಇಟ್ಟರೆ ನಮ್ಮಲ್ಲಿ ರಿಪೇರಿ ಮುಗಿದಂತೆ.

ಮನೆಯೊಳಗಿನ ಈ ಬುದ್ಧಿಯೇ ಬೀದಿಗೂ ಬರುತ್ತದೆ ಅನಿಸುತ್ತದೆ ನನಗೆ. ಮಳೆ ಯಾವಾಗ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ 2022ರಲ್ಲಿ ಬೆಳ್ಳಂದೂರಿನ ಕಡೆ ಐಟಿ ಕಂಪನಿಗೆ ಹೋಗುವವರು ಟ್ರ್ಯಾಕ್ಟರ್ ಹತ್ತಿದರು. ನೀರು ನಿಂತ ಮೇಲೆ ಫೋಟೊ, ಬೈಗುಳ, ಒತ್ತುವರಿಯ ಪಟ್ಟಿ. ಬಿಸಿಲು ಬಂದ ಮೇಲೆ ಎಲ್ಲರಿಗೂ ಮರೆವು. ಬೈಯುವವರ ಮನೆಯ ಮಹಡಿಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿಗೆ ಹಳೇ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿರುತ್ತದೆ, ಅದನ್ನು ತೆಗೆಯಲೂ ಯಾರಾದರೂ ಬರಬೇಕು. ಕೈ ಕೊಳೆಯಾದರೆ ಮರ್ಯಾದೆ ಹೋಗುತ್ತದೆ ಅನ್ನುವ ರೋಗ ಇದರೊಳಗೆ ಇದೆ. ಇಂಜಿನಿಯರಿಂಗ್ ಓದಿದವನು ವಾಷರ್ ಬದಲಾಯಿಸಿದರೆ ಅದು ನಗುವ ವಿಷಯ, ಅಲ್ವಾ?

ಸರಿ, ಇಷ್ಟು ಬೈದ ಮೇಲೆ ಹೇಳಬೇಕಾದ್ದೂ ಇದೆ. ಇಲ್ಲಿಯವರು ಏನೂ ದೇವರಲ್ಲ. ಇಲ್ಲಿ ಪ್ಲಂಬರ್ ಬಾಗಿಲಿಗೆ ಬಂದು ನಿಂತರೇ ನೂರು ಡಾಲರಿಗೆ ಹತ್ತಿರ, ಮೂಲೆ ಅಂಗಡಿ ಹುಡುಗ ಅನ್ನುವವನು ಇಲ್ಲವೇ ಇಲ್ಲ. ಅಜ್ಜನ ಶಿಸ್ತಿನಲ್ಲಿ ಅರ್ಧ ಭಾಗ ಬಿಲ್ಲಿನ ಭಯ. ಇನ್ನರ್ಧ ಮಿನೆಸೋಟದ ಚಳಿ. ಅದೇ ಅಮೆರಿಕದ ಟೆಕ್ಸಾಸಿನಲ್ಲಿ 2021ರ ಫೆಬ್ರವರಿಯಲ್ಲಿ ಚಳಿ ಬಿದ್ದಾಗ ಕರೆಂಟೂ ಹೋಗಿ ಮನೆ ಮನೆಗಳ ಪೈಪು ಒಡೆದವು, ಸೀಲಿಂಗಿನಿಂದ ನೀರು ಸುರಿಯಿತು. ಅಷ್ಟು ಚಳಿ ಅಲ್ಲಿ ಅಪರೂಪ, ಹಾಗಾಗಿ ತಯಾರಿಯೂ ಇರಲಿಲ್ಲ. ಹವೆ ದಯೆ ತೋರಿಸುವ ಕಡೆ ಜನ ಎಲ್ಲಿದ್ದರೂ ಸೋಮಾರಿಗಳೇ ಅಂತ ಕಾಣುತ್ತದೆ. ಬೆಂಗಳೂರಿನ ಹವೆ ನಮ್ಮನ್ನು ಮುದ್ದು ಮಾಡಿ ಕೆಡಿಸಿದೆ.

ಒಪ್ಪಿಕೊಳ್ಳಲು ಇನ್ನೂ ಕಷ್ಟವಾಗುವ ಮಾತು ಬೇರೆ ಇದೆ. ತೀರ್ಥಹಳ್ಳಿ ಹತ್ತಿರದ ನಮ್ಮ ದೊಡ್ಡಪ್ಪನ ಮನೆಯಲ್ಲಿ ಇದೆಲ್ಲಾ ಎಂದಿನಿಂದಲೋ ಇತ್ತು. ಮುಂಗಾರು ಹಿಡಿಯುವ ಮುಂಚೆ ಅಡಿಕೆ ಗೊನೆಗೆ ಔಷಧಿ ಹೊಡೆದು ಮುಗಿಯಬೇಕು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಇದೇ ಬೋರ್ಡೋ ದ್ರಾವಣ. ನಲವತ್ತು, ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಕೊಳೆ ರೋಗ ಬಂದ ಮೇಲೆ ಹೊಡೆದು ಏನು ಪ್ರಯೋಜನ, ಕಾಯಿ ಉದುರಿ ಬಿದ್ದಿರುತ್ತದೆ. ಸೌದೆ ಕೊಟ್ಟಿಗೆ ಸೇರಬೇಕು, ಗೋಡೆಗೆ ಇರಚಲು ಹೊಡೆಯದ ಹಾಗೆ ತಟ್ಟಿ ಕಟ್ಟಬೇಕು, ಹಂಚು ಸರಿಮಾಡಬೇಕು. ದೊಡ್ಡಪ್ಪ ಸ್ವತಃ ಸುಣ್ಣ ಕಲಸುತ್ತಿದ್ದರು, ಪಂಚೆ ತುಂಬಾ ನೀಲಿ ಕಲೆ. ಆಗ ಯಾರೂ ನಗುತ್ತಿರಲಿಲ್ಲ. ಹಾಗಾಗಿ ನಾನು ಅಮೆರಿಕದ ಗುಣ ಅಂತ ಹೊಗಳುತ್ತಿರುವುದು ಮಲೆನಾಡಿನಲ್ಲಿ ನಮ್ಮ ಮನೆಯವರೇ ಮಾಡುತ್ತಿದ್ದದ್ದು, ಪೇಟೆಗೆ ಬಂದು ಬಿಟ್ಟದ್ದು. ಮಳೆಗಾಲದ ಭಯ ಹೋಯಿತು, ಜೊತೆಗೆ ಕೈಯ ರೂಢಿಯೂ ಹೋಯಿತು. ಆದರೂ ಅಕ್ಕನ ಫ್ಲೋಟ್ ವಾಲ್ವಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ, ಮುಂದಿನ ಸಲ ಏಣಿ ಹತ್ತಿಯೇ ಹತ್ತುತ್ತೇನೆ.

ಇನ್ನು ಇಲ್ಲಿಯ ಕೆಲಸದ ಬಗ್ಗೆ ಯಾರೂ ಹೇಳದ ಸಂಗತಿ. ಅಕ್ಟೋಬರಿನಲ್ಲಿ ಮಾಡಿದ್ದನ್ನೆಲ್ಲಾ ಮೇ ತಿಂಗಳಲ್ಲಿ ಉಲ್ಟಾ ಮಾಡಬೇಕು. ಗುಲಾಬಿ ಬಣ್ಣ ಪೂರ್ತಿ ಹೋಗುವವರೆಗೆ ನೀರು ಹರಿಸಿ, 15 ಗ್ಯಾಲನ್‌ಗೆ ಕಾಲು ಕಪ್ ಲೆಕ್ಕದಲ್ಲಿ ಬ್ಲೀಚ್ ಹಾಕಿ, ಪೈಪಲ್ಲೆಲ್ಲಾ ತುಂಬಿಸಿ ಗಂಟೆಗಟ್ಟಲೆ ಬಿಟ್ಟು, ಆ ವಾಸನೆ ಹೋಗಲು ಮತ್ತೆ ತೊಳೆದು. ಅದೇ ಹೊತ್ತಿಗೆ ಊರಲ್ಲಿ ಮಾವಿನ ಸೀಸನ್, ಮದುವೆ ಸೀಸನ್. ಅಕ್ಕ ರಸಪುರಿ ಬುಟ್ಟಿಯ ಫೋಟೊ ಕಳಿಸುತ್ತಾಳೆ, ಭಾವ ಯಾವುದೋ ಛತ್ರದಲ್ಲಿ ಹೋಳಿಗೆ ಹಾಕಿಸಿಕೊಳ್ಳುತ್ತಿರುತ್ತಾರೆ, ನಾನು ಇಲ್ಲಿ ಬ್ಲೀಚ್ ಅಳೆಯುತ್ತಿರುತ್ತೇನೆ. ಆ ಒಂದು ತಿಂಗಳು ಮಾತ್ರ ಅವರ ಸೋಮಾರಿತನದ ಬಗ್ಗೆ ನನಗೆ ಹೊಟ್ಟೆಕಿಚ್ಚು ಬಿಟ್ಟು ಬೇರೆ ಏನೂ ಇರುವುದಿಲ್ಲ.